ಮನೆಮಗ ಇದ್ದ ಮನೆಗೆ ಹೋದ ಮನೆ ಅಳಿಯ: ಅಲೋನ್ಸೊ, ಮೆಕ್‌ಲಾರೆನ್, 2007

ಹೋದ ತಿಂಗಳು ಅಕ್ಕನ ಮಗ ಅಂಗಡಿಗೆ ಬಂದು ಸ್ಟೂಲ್ ಎಳೆದುಕೊಂಡು ಕೂತ. ನನ್ನದು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಸಣ್ಣದೊಂದು ಸ್ಪೇರ್ ಪಾರ್ಟ್ಸ್ ಅಂಗಡಿ. ಹುಡುಗ ನಾಲ್ಕು ವರ್ಷದಿಂದ ಮಣ್ಣಿನ ಟ್ರ್ಯಾಕ್‌ಗಳಲ್ಲಿ ಕಾರು ಓಡಿಸುತ್ತಾನೆ. ಕಾರು ನನ್ನದೇ, ಹಳೇ ಎಸ್ಟೀಮ್. ಚೆನ್ನಾಗಿ ಓಡಿಸುತ್ತಾನೆ. ಸೋತರೆ ಎರಡು ದಿನ ಯಾರ ಹತ್ತಿರವೂ ಮಾತಾಡುವುದಿಲ್ಲ.

“ಮಾವ, ಬೆಂಗಳೂರಿನ ಟೀಮಿನೋರು ಕರೀತಿದಾರೆ. ಹೋಗ್ಲಾ?”

“ಏನೇನು ವಿಚಾರಿಸಿದೆ?”

“ಕಾರು ಪೋಲೊ. ಟೈರು, ಪೆಟ್ರೋಲು, ಊಟ, ರೂಮು ಎಲ್ಲಾ ಅವರದ್ದೇ.”

“ಇನ್ನೊಬ್ಬ ಡ್ರೈವರ್ ಯಾರು?”

“ಯಾರೋ ಹುಡುಗ. ಹನ್ನೆರಡು ವರ್ಷದವನಿದ್ದಾಗಿಂದ ಅವರೇ ಬೆಳೆಸಿದ್ದಂತೆ. ಅದೇನ್ ದೊಡ್ಡ ವಿಷಯ ಬಿಡು ಮಾವ.”

ನನಗೆ ಅದೇ ದೊಡ್ಡ ವಿಷಯವಾಗಿ ಕಂಡಿತು. ಅವನನ್ನು ಒಂದು ಗಂಟೆ ಕೂರಿಸಿಕೊಂಡು ಒಂದು ಹಳೇ ಕಥೆ ಹೇಳಿದೆ. ಅದನ್ನೇ ಇಲ್ಲಿ ಸ್ವಲ್ಪ ನಿಧಾನವಾಗಿ ಬರೆದಿದ್ದೇನೆ. ಫಾರ್ಮುಲಾ ಒನ್ ನೋಡುವವರಿಗೆ ಇದು ಗೊತ್ತಿರುತ್ತದೆ. ಆದರೆ ಎಲ್ಲರೂ ಇದನ್ನು ಇಬ್ಬರು ಡ್ರೈವರ್‌ಗಳ ಜಗಳ ಅಂತ ಹೇಳಿ ಮುಗಿಸಿಬಿಡುತ್ತಾರೆ. ನನಗಿದು ತಂಡ ಆರಿಸಿಕೊಳ್ಳುವ ಕಥೆ.

ಹತ್ತು ಸೆಕೆಂಡು

2007ರ ಆಗಸ್ಟ್ 4, ಶನಿವಾರ. ನಮ್ಮಲ್ಲಿ ಮಳೆ. ಊರಲ್ಲಿ ಯಾರು ಸಿಕ್ಕರೂ ತುಂಗೆಯ ಮಂಟಪ ಮುಳುಗಿತಾ ಅಂತ ಕೇಳುವ ಕಾಲ. ಸಂಜೆ ಐದೂವರೆಗೆ ಅಂಗಡಿ ಮೇಲಿನ ರೂಮಿನಲ್ಲಿ ಟಿವಿ ಮುಂದೆ ನಾವು ಐದಾರು ಜನ ಸೇರಿದ್ದೆವು. ಮಂಡಕ್ಕಿ ಇತ್ತು. ಅಪರೂಪಕ್ಕೆ ಕರೆಂಟೂ ಇತ್ತು.

ಹಂಗೇರಿಯ ಹಂಗರೊರಿಂಗ್ ಟ್ರ್ಯಾಕ್. ಮರುದಿನ ರೇಸಿನಲ್ಲಿ ಯಾರು ಎಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡುವ ಕ್ವಾಲಿಫೈಯಿಂಗ್ ಇನ್ನೇನು ಮುಗಿಯಬೇಕು. ಮೆಕ್‌ಲಾರೆನ್ ತಂಡದ ಬೆಳ್ಳಿ ಬಣ್ಣದ ಕಾರು ಪಿಟ್‌ಗೆ, ಅಂದರೆ ಟೈರು ಬದಲಿಸಲು ನಿಲ್ಲುವ ಜಾಗಕ್ಕೆ, ಬಂತು. ಒಳಗೆ ಫರ್ನಾಂಡೊ ಅಲೋನ್ಸೊ, ಅಷ್ಟರಲ್ಲೇ ಎರಡು ಸಲ ವಿಶ್ವ ಚಾಂಪಿಯನ್ ಆದವನು. ಹೊಸ ಟೈರು ಹಾಕಿದರು. ಕಾರಿನ ಮೂತಿಯ ಮುಂದೆ ಒಬ್ಬ ಉದ್ದ ಕೋಲಿನ ತುದಿಗೆ ಬಿಲ್ಲೆ ಹಿಡಿದು ನಿಂತಿದ್ದ. ಅದಕ್ಕೆ ಲಾಲಿಪಾಪ್ ಅನ್ನುತ್ತಾರೆ. ಅದು ಮೇಲೆ ಹೋದರೆ ಹೊರಡಬೇಕು. ತಂಡದವರು ಅವನನ್ನು ಇಪ್ಪತ್ತು ಸೆಕೆಂಡು ತಡೆದು ನಿಲ್ಲಿಸಿದರು. ಅಷ್ಟರಲ್ಲಿ ಅದೇ ತಂಡದ ಇನ್ನೊಂದು ಕಾರು ಹಿಂದೆ ಬಂದು ನಿಂತಿತು. ಅದರಲ್ಲಿ ಲೂಯಿಸ್ ಹ್ಯಾಮಿಲ್ಟನ್. ಫಾರ್ಮುಲಾ ಒನ್‌ಗೆ ಬಂದು ಅದೇ ಮೊದಲ ವರ್ಷ.

ಲಾಲಿಪಾಪ್ ಮೇಲೆ ಹೋಯಿತು. ಅಲೋನ್ಸೊ ಹೊರಡಲಿಲ್ಲ.

ಸುಮ್ನೆ ಕೂತಿದ್ದ. ನಮ್ಮ ರೂಮಿನಲ್ಲಿ ಯಾರೋ “ಗೇರ್ ಬೀಳ್ತಿಲ್ವೇನೋ” ಅಂದರು. ಹತ್ತು ಸೆಕೆಂಡು ಆದಮೇಲೆ ಹೊರಟ. ಹೋಗಿ ಎಲ್ಲರಿಗಿಂತ ವೇಗದ ಸುತ್ತು ಹಾಕಿ ಪೋಲ್, ಅಂದರೆ ಎಲ್ಲರಿಗಿಂತ ಮುಂದಿನ ಜಾಗ, ಹಿಡಿದ. ಹ್ಯಾಮಿಲ್ಟನ್ ಗೆರೆ ಮುಟ್ಟುವಷ್ಟರಲ್ಲಿ ಟೈಮ್ ಮುಗಿದಿತ್ತು. ಕೊನೇ ಸುತ್ತು ಹಾಕಲು ಆಗಲೇ ಇಲ್ಲ. ತಂಡದ ಯಜಮಾನ ರಾನ್ ಡೆನ್ನಿಸ್ ತಲೆಯ ಹೆಡ್‌ಫೋನ್ ಕಿತ್ತು ಬಿಸಾಡಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದರು.

ರಾತ್ರಿ ಪಂಚಾಯ್ತಿ ಆಯಿತು. ಅಲೋನ್ಸೊನನ್ನು ಐದು ಸ್ಥಾನ ಹಿಂದಕ್ಕೆ, ಆರನೆಯವನಾಗಿ ನಿಲ್ಲಿಸಿದರು. ತಂಡಕ್ಕೆ ಆ ರೇಸಿನ ಕನ್‌ಸ್ಟ್ರಕ್ಟರ್ಸ್ ಅಂಕ, ಅಂದರೆ ತಂಡಗಳ ಪ್ರಶಸ್ತಿಗೆ ಸೇರುವ ಅಂಕ, ಇಲ್ಲ ಅಂದರು. ಮರುದಿನ ಹ್ಯಾಮಿಲ್ಟನ್ ಗೆದ್ದ. ಅಲೋನ್ಸೊ ನಾಲ್ಕನೆಯವನಾಗಿ ಬಂದ.

ಆ ಹತ್ತು ಸೆಕೆಂಡಿನ ಹಿಂದೆ ಇನ್ನೊಂದು ವಿಷಯ ಇದೆ. ಆಗಿನ ನಿಯಮದ ಪ್ರಕಾರ, ರೇಸ್ ಶುರುವಿಗೆ ಬೇಕಾದ ಪೆಟ್ರೋಲ್ ತುಂಬಿಕೊಂಡೇ ಕ್ವಾಲಿಫೈಯಿಂಗ್‌ನ ಕೊನೇ ಹಂತಕ್ಕೆ ಇಳಿಯಬೇಕಿತ್ತು. ಸುಮ್ನೆ ಸುತ್ತು ಹಾಕಿ ಅದನ್ನು ಸುಡುತ್ತಿದ್ದರು, ಕಾರು ಹಗುರ ಆಗಲಿ ಅಂತ. ಹಾಕಿದ ಸುತ್ತುಗಳ ಲೆಕ್ಕಕ್ಕೆ ಪೆಟ್ರೋಲ್ ಮತ್ತೆ ತುಂಬಿಕೊಳ್ಳಲು ಬಿಡುತ್ತಿದ್ದರು. ಹಾಗಾಗಿ ಒಂದು ಸುತ್ತು ಜಾಸ್ತಿ ಹಾಕಿದವನಿಗೆ ಲಾಭ. ಮೆಕ್‌ಲಾರೆನ್‌ನಲ್ಲಿ ಆ ಸುತ್ತು ಒಂದು ರೇಸಿಗೆ ಇವನಿಗೆ, ಮುಂದಿನ ರೇಸಿಗೆ ಅವನಿಗೆ. ಹಂಗೇರಿಯಲ್ಲಿ ಸರದಿ ಅಲೋನ್ಸೊದು. ಮುಂದೆ ಇದ್ದ ಹ್ಯಾಮಿಲ್ಟನ್ ದಾರಿ ಬಿಡಬೇಕಿತ್ತು. ರೇಡಿಯೊದಲ್ಲಿ ಹೇಳಿದರು. ಬಿಡಲಿಲ್ಲ.

ಪಿಟ್‌ನಲ್ಲಿ ನಡೆದಿದ್ದು ಅದಕ್ಕೆ ಬಡ್ಡಿ ಸಮೇತ ವಾಪಸ್ ಕೊಟ್ಟಿದ್ದು. ನನ್ನ ಮಟ್ಟಿಗೆ ಅವತ್ತಿನ ಮೊದಲ ತಪ್ಪು ಹ್ಯಾಮಿಲ್ಟನ್‌ದು, ದೊಡ್ಡ ತಪ್ಪು ಅಲೋನ್ಸೊದು, ಹಳೇ ತಪ್ಪು ಡೆನ್ನಿಸ್‌ದು. ಆ ಹಳೇ ತಪ್ಪಿಗೆ ಆಮೇಲೆ ಬರುತ್ತೇನೆ.

ಸ್ಪೇನಿನ ಮಲೆನಾಡಿನವನು

ಅಲೋನ್ಸೊ ಹುಟ್ಟಿದ್ದು 1981ರಲ್ಲಿ, ಸ್ಪೇನಿನ ಉತ್ತರದ ಆಸ್ಟೂರಿಯಾಸ್‌ನಲ್ಲಿ. ಸ್ಪೇನ್ ಅಂದರೆ ಬಿಸಿಲು ಅಂದುಕೊಳ್ಳುತ್ತೇವೆ. ಆಸ್ಟೂರಿಯಾಸ್ ಹಾಗಲ್ಲ. ಬೆಟ್ಟ, ಹಸಿರು, ಮಳೆ. ಹೆಚ್ಚುಕಮ್ಮಿ ನಮ್ಮ ತೀರ್ಥಹಳ್ಳಿ ಕಡೆಯ ಹಾಗೆ ಅಂದರೆ ತಪ್ಪಾಗಲಾರದು. ಅಪ್ಪ ಸ್ಫೋಟಕ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ. ಅವನು ಮಗಳಿಗೆ ಅಂತ ಕೈಯಾರೆ ಒಂದು ಗೋ-ಕಾರ್ಟ್ ಮಾಡಿದ. ಅವಳಿಗೆ ಇಷ್ಟ ಆಗಲಿಲ್ಲ. ಅದು ಮೂರು ವರ್ಷದ ತಮ್ಮನ ಪಾಲಿಗೆ ಬಂತು. ಮಳೆಗೆ ಬೇರೆ ಟೈರು ಕೊಳ್ಳಲು ಮನೆಯಲ್ಲಿ ದುಡ್ಡಿರಲಿಲ್ಲ. ಹಾಗಾಗಿ ಒಣ ಟ್ರ್ಯಾಕಿನ ನುಣುಪು ಟೈರಿನಲ್ಲೇ ಮಳೆಯಲ್ಲಿ ಓಡಿಸೋದು ಕಲಿತ.

ಈ ಟೈರಿನ ವಿಷಯ ನೆನಪಿರಲಿ. ಹೀಗೆ ಬೆಳೆದವನಿಗೆ ತನಗೆ ಏನು ಸಿಕ್ಕಿತು, ಬೇರೆಯವನಿಗೆ ಏನು ಸಿಕ್ಕಿತು ಅನ್ನುವ ಲೆಕ್ಕ ತಲೆಯಲ್ಲಿ ಯಾವಾಗಲೂ ಓಡುತ್ತಿರುತ್ತದೆ. ಇದು ನನ್ನ ಊಹೆ. ಆದರೆ 2007ರಲ್ಲಿ ಅವನೇ ಹೇಳಿದ ಮಾತು ಅದಕ್ಕೆ ಹೊಂದುತ್ತದೆ. ನಾನು ಬಂದಮೇಲೆ ಕಾರಿಗೆ ಅರ್ಧ ಸೆಕೆಂಡು, ಆರು ಹತ್ತಾಂಶದಷ್ಟು ವೇಗ ತಂದುಕೊಟ್ಟೆ, ನನಗೆ ವಾಪಸ್ ಏನೂ ಬರಲಿಲ್ಲ ಅನ್ನುವ ಅರ್ಥದಲ್ಲಿ ಹೇಳಿದ್ದ. ಕೊಟ್ಟಿದ್ದು, ಬಂದಿದ್ದು. ಅಂಗಡಿ ಪುಸ್ತಕ.

ಇದೇ ಗುಣ ಅವನನ್ನು ಚಾಂಪಿಯನ್ ಮಾಡಿತ್ತು. 2005, 2006 ಎರಡೂ ವರ್ಷ ರೆನೊ ತಂಡದಲ್ಲಿ ಗೆದ್ದ. ಎರಡನೇ ಸಲ ಸೋಲಿಸಿದ್ದು ಶುಮಾಕರ್‌ನನ್ನು. ರೆನೊ ಅವನ ಮನೆ. ಯಜಮಾನ ಫ್ಲಾವಿಯೊ ಬ್ರಿಯಾಟೋರೆ ಅವನ ಬೆನ್ನಿಗಿದ್ದರು. ಜೊತೆಗಾರ ಫಿಸಿಕೆಲ್ಲಾ ಒಳ್ಳೆಯ ಡ್ರೈವರ್, ಆದರೆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ಮತ್ತೆ ಯಾಕೆ ಬಿಟ್ಟ? ದಿನಾಂಕ ನೋಡಿದರೆ ಅರ್ಥ ಆಗುತ್ತದೆ. 2007ಕ್ಕೆ ಮೆಕ್‌ಲಾರೆನ್‌ಗೆ ಹೋಗುತ್ತೇನೆ ಅಂತ ಅವನು ಪ್ರಕಟಿಸಿದ್ದು 2005ರ ಡಿಸೆಂಬರ್‌ನಲ್ಲಿ. ಒಂದು ಇಡೀ ವರ್ಷ ಮೊದಲೇ. ಆ ವರ್ಷ ಮೆಕ್‌ಲಾರೆನ್ ಕಾರು ಮುರಿಯದೆ ಇದ್ದಾಗಲೆಲ್ಲ ಎಲ್ಲರಿಗಿಂತ ವೇಗ. ಕಿಮಿ ರೈಕೊನೆನ್ ಅದರಲ್ಲಿ ಏಳು ರೇಸ್ ಗೆದ್ದಿದ್ದ. ಅಲೋನ್ಸೊ ಗೆದ್ದಿದ್ದೂ ಏಳೇ. ಆ ಕಾರು ನನ್ನ ಕೈಯಲ್ಲಿದ್ದರೆ ಅಂತ ಅನ್ನಿಸಿರಬೇಕು. ಯಾರಿಗಾದರೂ ಅನ್ನಿಸುತ್ತದೆ. ನಮ್ಮ ಹುಡುಗನಿಗೆ ಪೋಲೊ ನೋಡಿ ಅನ್ನಿಸಿದಂತೆ.

ಅವನು ಸಹಿ ಹಾಕಿದಾಗ ಆ ತಂಡದಲ್ಲಿದ್ದವರು ರೈಕೊನೆನ್ ಮತ್ತು ಮೊಂಟೊಯಾ. ಅವನು ಒಳಗೆ ಕಾಲಿಡುವಷ್ಟರಲ್ಲಿ ಇಬ್ಬರೂ ಇರಲಿಲ್ಲ. ರೈಕೊನೆನ್ ಫೆರಾರಿಗೆ ಹೋದ. ಮೊಂಟೊಯಾ 2006ರ ಮಧ್ಯದಲ್ಲೇ ಅಮೆರಿಕದ ನಾಸ್ಕಾರ್ ಕಾರ್ ರೇಸಿನ ಕಡೆ ಹೊರಟ. ಖಾಲಿ ಜಾಗಕ್ಕೆ 2006ರ ನವೆಂಬರ್‌ನಲ್ಲಿ ಹ್ಯಾಮಿಲ್ಟನ್ ಹೆಸರು ಬಂತು. ಈ ಹುಡುಗ ಹತ್ತು ವರ್ಷದವನಿದ್ದಾಗ ಒಂದು ಸಮಾರಂಭದಲ್ಲಿ ಡೆನ್ನಿಸ್ ಎದುರು ಹೋಗಿ, ಒಂದು ದಿನ ನಿಮ್ಮ ತಂಡಕ್ಕೆ ಓಡಿಸುತ್ತೇನೆ ಅಂದಿದ್ದ. 1998ರಿಂದ, ಹದಿಮೂರನೇ ವಯಸ್ಸಿನಿಂದ, ಮೆಕ್‌ಲಾರೆನ್ ಖರ್ಚಿನಲ್ಲೇ ಬೆಳೆದವನು.

ಮನೆಮಗ. ಅಲೋನ್ಸೊ ಎಷ್ಟೇ ದೊಡ್ಡವನಾದರೂ ಮನೆ ಅಳಿಯ. ಮಲೆನಾಡಿನಲ್ಲಿ ಮನೆ ಅಳಿಯನಾಗಿ ಹೋದವರನ್ನು ಕೇಳಿ ನೋಡಿ. ಊಟಕ್ಕೆ ಮೊದಲ ಎಲೆ ಅವನಿಗೇ ಹಾಕುತ್ತಾರೆ. ತೋಟದ ಲೆಕ್ಕ ಮಾತ್ರ ಮಗನ ಹತ್ತಿರ ಇರುತ್ತದೆ.

ಅದೇ ಮನೆ, ಅದೇ ಯಜಮಾನ

ಅಲೋನ್ಸೊನನ್ನು ಬೈಯುವವರು ಒಂದು ಮಾತು ಹೇಳುತ್ತಾರೆ: ತಲೆ ಬಿಸಿ ಜಾಸ್ತಿ. ಅವನ ಪರ ಇರುವವರು ಇನ್ನೊಂದು ಹೇಳುತ್ತಾರೆ: ಇಂಗ್ಲಿಷ್ ತಂಡ, ಇಂಗ್ಲಿಷ್ ಹುಡುಗನ ಪರ ನಿಂತಿತು. ಎರಡೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ.

ಯಾಕೆಂದರೆ ಈ ಮನೆಯಲ್ಲಿ ಇದು ಮೊದಲೇ ಒಂದು ಸಲ ನಡೆದಿತ್ತು. 1988ರಲ್ಲಿ ಮೆಕ್‌ಲಾರೆನ್‌ನಲ್ಲಿ ಅಲೆನ್ ಪ್ರಾಸ್ಟ್ ಇದ್ದ, ಅಷ್ಟರಲ್ಲೇ ಎರಡು ಸಲ ಚಾಂಪಿಯನ್. ಅಲ್ಲಿಗೆ ಐರ್ಟನ್ ಸೆನ್ನಾ ಬಂದ. ಆ ವರ್ಷದ 16 ರೇಸಿನಲ್ಲಿ 15 ಈ ತಂಡವೇ ಗೆದ್ದಿತು. ಚಾಂಪಿಯನ್ ಆಗಿದ್ದು ಸೆನ್ನಾ. ಮರುವರ್ಷ ಜಪಾನಿನ ಸುಜುಕಾದಲ್ಲಿ ಒಂದೇ ತಂಡದ ಈ ಎರಡು ಕಾರು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ನಿಂತವು. ಪ್ರಾಸ್ಟ್ ಪ್ರಶಸ್ತಿ ತೆಗೆದುಕೊಂಡು ಫೆರಾರಿಗೆ ನಡೆದ. ಯಜಮಾನ ಆಗಲೂ ಡೆನ್ನಿಸ್‌ ಅವರೇ. ಇಬ್ಬರೂ ಸಮಾನ ಅನ್ನುವ ನೀತಿಯೂ ಅದೇ.

ಪ್ರಾಸ್ಟ್ ಇದರಿಂದ ಪಾಠ ಕಲಿತ. 1993ರಲ್ಲಿ ವಿಲಿಯಮ್ಸ್ ತಂಡ ಸೇರುವಾಗ ಸೆನ್ನಾ ಜೊತೆಗೆ ಬರಬಾರದು ಅಂತ ಕಾಗದದಲ್ಲೇ ಬರೆಸಿಕೊಂಡ. ಹೇಡಿತನ ಅಂತ ಸೆನ್ನಾ ಬೈದ. ಪ್ರಾಸ್ಟ್ ಆ ವರ್ಷ ಚಾಂಪಿಯನ್ ಆಗಿ ನಿವೃತ್ತನಾದ. ಹೇಡಿತನವೋ ಜಾಣತನವೋ, ತನ್ನ ಸ್ವಭಾವ ಏನು ಅಂತ ಅವನಿಗೆ ಗೊತ್ತಿತ್ತು. ಅಲೋನ್ಸೊ ಹತ್ತಿರ ಹಾಗೆ ಬರೆದ ಕಾಗದ ಇರಲಿಲ್ಲ. ಚಾಂಪಿಯನ್ ಅಂದಮೇಲೆ ಅದು ತಾನಾಗೇ ಸಿಗುತ್ತದೆ ಅಂದುಕೊಂಡಿರಬೇಕು.

ಸಮಾನ ಅನ್ನುವ ಮಾತು ಕೇಳಲು ಚೆನ್ನಾಗಿದೆ. ಆದರೆ ಸಮಾನವಾಗಿ ಹಂಚುವುದು ಅರ್ಧ ಮಾಡಬಹುದಾದ ವಸ್ತುವಿಗೆ ಮಾತ್ರ ಸರಿ. ಅಣ್ಣತಮ್ಮಂದಿರು ಪಾಲಾಗುವಾಗ ಅಡಿಕೆ ತೋಟಕ್ಕೆ ಅಳತೆ ಹಿಡಿಯಬಹುದು. ಬಾವಿ ಒಂದೇ ಇರುತ್ತದೆ. ಜಗಳ ಶುರುವಾಗುವುದು ಬಾವಿಕಟ್ಟೆಯಲ್ಲೇ. ಹಂಗೇರಿಯ ಆ ಒಂದು ಹೆಚ್ಚಿನ ಸುತ್ತು ಮೆಕ್‌ಲಾರೆನ್‌ನ ಬಾವಿ.

ಇದು ನನಗೆ ಬರೀ ಟಿವಿ ನೋಡಿ ಗೊತ್ತಾಗಿದ್ದಲ್ಲ. ವಯಸ್ಸಿನಲ್ಲಿ ನಾಲ್ಕಾರು ವರ್ಷ ರ‍್ಯಾಲಿಗಳಲ್ಲಿ ನ್ಯಾವಿಗೇಟರ್ ಆಗಿದ್ದೆ. ಎಡದ ಸೀಟಿನಲ್ಲಿ ಕೂತು ಮುಂದೆ ಯಾವ ತಿರುವು ಬರುತ್ತದೆ ಅಂತ ಪೇಸ್ ನೋಟ್ ಓದುವವನು. ಒಂದು ಸಲ ಚಿಕ್ಕಮಗಳೂರು ಕಡೆಯ ಕಾಫಿ ತೋಟದ ದಾರಿಗಳಲ್ಲಿ ರ‍್ಯಾಲಿ. ನಮ್ಮ ತಂಡದ್ದು ಎರಡು ಕಾರು. ತಂಡದ ಹೆಸರು ಬೇಡ. ರಾತ್ರಿ ಮಳೆ ಹೊಡೆದು ಕೆಮ್ಮಣ್ಣು ಬೆಣ್ಣೆ ಆಗಿತ್ತು. ಮಣ್ಣು ಹಿಡಿಯುವ ಹಲ್ಲು ಚೆನ್ನಾಗಿದ್ದ ಟೈರು ಒಂದೇ ಸೆಟ್ ಉಳಿದಿತ್ತು. ಬೆಳಿಗ್ಗೆ ಬಂದು ನೋಡಿದರೆ ಅದು ಆಗಲೇ ಇನ್ನೊಂದು ಕಾರಿಗೆ ಕೂತಿತ್ತು. ನಮಗೆ ಯಾರೂ ಏನೂ ಹೇಳಿರಲಿಲ್ಲ. ಮುಂಚಿನ ದಿನ ನಾವೇ ಹನ್ನೊಂದು ಸೆಕೆಂಡು ಮುಂದಿದ್ದೆವು.

ನನ್ನ ಡ್ರೈವರ್ ಒಂದು ಮಾತೂ ಆಡಲಿಲ್ಲ. ಬೆಲ್ಟ್ ಬಿಗಿದುಕೊಂಡ. ಇಂಟರ್‌ಕಾಮ್‌ನಲ್ಲಿ ಡ್ರೈವರ್ ಉಸಿರು ಚೆನ್ನಾಗಿ ಕೇಳುತ್ತದೆ. ಯಾವತ್ತೂ ಅವನ ಉಸಿರು ತಿರುವಿಗೆ ಮೊದಲು ನಿಂತು, ತಿರುವು ದಾಟಿದಮೇಲೆ ಬಿಡುತ್ತಿತ್ತು. ಅವತ್ತು ಒಂದೇ ಸಮ ಬುಸುಗುಡುತ್ತಿದ್ದ. ಮೂರನೇ ಸ್ಟೇಜಿನಲ್ಲಿ ನಾನು ಓದಿದ್ದು ಅವನಿಗೆ ಕೇಳಿಸಲೇ ಇಲ್ಲ. ಸಿಲ್ವರ್ ಓಕ್ ಮರದ ಬುಡಕ್ಕೆ ಮೂತಿ ಕೊಟ್ಟು ಚರಂಡಿಯಲ್ಲಿ ನಿಂತೆವು. ಕೆಳಗಿಳಿದು ಅವನು ಮೊದಲು ನೋಡಿದ್ದು ಟೈರನ್ನು.

ಆ ಟೈರಿಂದಲೇ ಹಾಗಾಯಿತಾ? ಇಲ್ಲ. ಆ ಟೈರಿನಲ್ಲೂ ಅವನು ಅಲ್ಲಿ ತಿರುಗಿಸಬಹುದಿತ್ತು.

ಒಂದು ಅಂಕ

ಮತ್ತೆ 2007. ಹಂಗೇರಿಗೆ ಮುಂಚೆಯೇ ಸುಳಿವು ಇತ್ತು. ರೆನೊದಲ್ಲಿ ಅಲೋನ್ಸೊ ತಿರುವಿಗೆ ಸ್ಟೇರಿಂಗನ್ನು ಒಮ್ಮೆಲೇ ಜಗ್ಗಿ ಓಡಿಸುತ್ತಿದ್ದ. ಆ ಕಾರಿಗೂ ಮಿಶೆಲಿನ್ ಟೈರಿಗೂ ಅದು ಸರಿಯಾಗಿ ಕೂರುತ್ತಿತ್ತು. 2007ರಲ್ಲಿ ಮಿಶೆಲಿನ್ ಹೋಗಿ ಎಲ್ಲರಿಗೂ ಬ್ರಿಡ್ಜ್‌ಸ್ಟೋನ್ ಬಂತು. ಅವನು ಹಳೇ ಕೈ ಮರೆತು ಹೊಸದು ಕಲಿಯಬೇಕಾಯಿತು. ಹ್ಯಾಮಿಲ್ಟನ್‌ಗೆ ಮರೆಯುವಂಥದ್ದು ಅಷ್ಟೇನೂ ಇರಲಿಲ್ಲ. ಮೊದಲ ಒಂಬತ್ತು ರೇಸಿನಲ್ಲಿ ಒಂಬತ್ತಕ್ಕೂ ಮೊದಲ ಮೂರರೊಳಗೆ ಬಂದು ಪೋಡಿಯಂ ಹತ್ತಿದ. ಮೊನಾಕೊದಲ್ಲಿ ಅಲೋನ್ಸೊ ಹಿಂದೆ ಎರಡನೆಯವನಾಗಿ ಬಂದಾಗ, ನನ್ನ ಕಾರಿನ ಮೇಲೆ 2 ಅಂತ ಬರೆದಿದೆಯಲ್ಲ ಅಂತ ಕೊಂಕು ನುಡಿದ. ಹೊಸಬ ಆಡುವ ಮಾತಲ್ಲ ಅದು. ಮನೆಮಗ ಆಡುವ ಮಾತು.

ಆ ವರ್ಷವೇ ಇನ್ನೊಂದು ಹಗರಣ. ಫೆರಾರಿಯ ಸುಮಾರು 780 ಪುಟದ ತಾಂತ್ರಿಕ ದಾಖಲೆ ಮೆಕ್‌ಲಾರೆನ್‌ನ ಒಬ್ಬ ಎಂಜಿನಿಯರ್ ಮನೆಯಲ್ಲಿ ಸಿಕ್ಕಿತ್ತು. ಹಂಗೇರಿಯ ಭಾನುವಾರ ಬೆಳಿಗ್ಗೆ ಅಲೋನ್ಸೊ ಮತ್ತು ಡೆನ್ನಿಸ್ ನಡುವೆ ಮಾತಿಗೆ ಮಾತು ಬೆಳೆದು, ಅದಕ್ಕೆ ಸಂಬಂಧಿಸಿದ ಇ-ಮೇಲ್‌ಗಳ ವಿಷಯ ಹೊರಬಿತ್ತು. ಸೆಪ್ಟೆಂಬರ್‌ನಲ್ಲಿ ತಂಡಕ್ಕೆ 10 ಕೋಟಿ ಡಾಲರ್ ದಂಡ ಬಿತ್ತು. ತಂಡದ ಆ ವರ್ಷದ ಎಲ್ಲಾ ಕನ್‌ಸ್ಟ್ರಕ್ಟರ್ಸ್ ಅಂಕ ಹೋಯಿತು. ಡ್ರೈವರ್‌ಗಳ ಅಂಕ ಮಾತ್ರ ಉಳಿಯಿತು. ಅಲ್ಲಿಂದ ಅಲೋನ್ಸೊಗೂ ಡೆನ್ನಿಸ್‌ಗೂ ಮಾತಿಲ್ಲ, ಕತೆಯಿಲ್ಲ. ಚೀನಾ ರೇಸ್ ಆದಮೇಲೆ ಡೆನ್ನಿಸ್ ಬಾಯಿಂದಲೇ ಮಾತು ಜಾರಿತು: ನಾವು ಪೈಪೋಟಿ ಮಾಡುತ್ತಿದ್ದದ್ದು ಕಿಮಿ ಜೊತೆ ಅಲ್ಲ, ಫರ್ನಾಂಡೊ ಜೊತೆ ಅಂದರು. ಸ್ವಂತ ತಂಡದ ಡ್ರೈವರ್ ಜೊತೆ!

ಕೊನೇ ರೇಸ್ ಬ್ರೆಜಿಲ್‌ನಲ್ಲಿ, ಅಕ್ಟೋಬರ್ 21ಕ್ಕೆ. ನಮ್ಮಲ್ಲಿ ದಸರಾ ಗಲಾಟೆ, ರಾತ್ರಿ ಒಂಬತ್ತೂವರೆ. ಶುರುವಿಗೆ ಮೊದಲು ಹ್ಯಾಮಿಲ್ಟನ್ 107, ಅಲೋನ್ಸೊ 103, ಫೆರಾರಿಯ ರೈಕೊನೆನ್ 100. ಮುಗಿದಾಗ ರೈಕೊನೆನ್ 110, ಇವರಿಬ್ಬರೂ 109. ಇಬ್ಬರಲ್ಲಿ ಯಾರಿಗೇ ಆಗಲಿ ಹಂಗೇರಿಯಲ್ಲೋ ಇನ್ನೆಲ್ಲೋ ಎರಡೇ ಎರಡು ಅಂಕ ಜಾಸ್ತಿ ಸಿಕ್ಕಿದ್ದರೆ ಸಾಕಿತ್ತು. ಫೆರಾರಿಯವರು ಏನೂ ಮಾಡಬೇಕಿರಲಿಲ್ಲ ಅನ್ನುತ್ತಿಲ್ಲ. ರೈಕೊನೆನ್ ಆ ವರ್ಷ ಆರು ರೇಸ್ ಗೆದ್ದಿದ್ದ. ಆದರೆ ಇವರಿಬ್ಬರ ಕಿತ್ತಾಟ ಇಲ್ಲದಿದ್ದರೆ ಅವನಿಗೆ ಬಾಗಿಲು ತೆರೆಯುತ್ತಿರಲಿಲ್ಲ. ನವೆಂಬರ್‌ನಲ್ಲಿ ಅಲೋನ್ಸೊ ತಂಡ ಬಿಟ್ಟ. ಮರುವರ್ಷ ಅದೇ ಮನೆಯಲ್ಲಿ ಹ್ಯಾಮಿಲ್ಟನ್ ಚಾಂಪಿಯನ್ ಆದ, ಅದೂ ಒಂದೇ ಅಂಕದಿಂದ.

ಆಮೇಲೆ

ಅಲೋನ್ಸೊ ಮುಂದಿನ ಆಯ್ಕೆಗಳನ್ನು ನೋಡಿ ಜನ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಸಿಟ್ಟಿನಲ್ಲಿ ಮನೆ ಬಿಟ್ಟವನಿಗೆ ಆಮೇಲೆ ತೆರೆದಿದ್ದ ಬಾಗಿಲೇ ಗತಿ. ರೆನೊಗೆ ವಾಪಸ್ ಹೋದ, ಆ ಕಾರಿನ ಕಾಲ ಮುಗಿದಿತ್ತು. 2010ರಲ್ಲಿ ಫೆರಾರಿಗೆ ಹೋಗಿ ಅದೇ ವರ್ಷ ನಾಲ್ಕು ಅಂಕದಿಂದ, 2012ರಲ್ಲಿ ಮೂರು ಅಂಕದಿಂದ ಪ್ರಶಸ್ತಿ ಕಳೆದುಕೊಂಡ. ಎರಡೂ ಸಲ ಗೆದ್ದಿದ್ದು ರೆಡ್ ಬುಲ್ ತಂಡದ ವೆಟ್ಟೆಲ್. 2015ಕ್ಕೆ ಮತ್ತೆ ಮೆಕ್‌ಲಾರೆನ್, ಮತ್ತೆ ಡೆನ್ನಿಸ್, ಈ ಸಲ ಹೋಂಡಾ ಎಂಜಿನ್. ಹೋಂಡಾದವರದ್ದೇ ಸುಜುಕಾ ಟ್ರ್ಯಾಕಿನಲ್ಲಿ, ಇದು ಜಿಪಿ2 (ಫಾರ್ಮುಲಾ ಒನ್‌ಗಿಂತ ಕೆಳಗಿನ ದರ್ಜೆಯ ರೇಸ್) ಎಂಜಿನ್ ಅಂತ ರೇಡಿಯೊದಲ್ಲಿ ಕೂಗಿಕೊಂಡ. ಊಟಕ್ಕೆ ಕರೆದವರ ಮನೆಯಲ್ಲೇ ಸಾರು ನೀರಾಗಿದೆ ಅಂದಂತೆ. ನಾಲ್ಕು ವರ್ಷದಲ್ಲಿ ಒಂದೂ ಪೋಡಿಯಂ ಇಲ್ಲ. ಅದೇ ಹೋಂಡಾ ಎಂಜಿನ್‌ನಲ್ಲಿ ರೆಡ್ ಬುಲ್‌ನ ವೆರ್‌ಸ್ಟಾಪನ್ 2021ರಲ್ಲಿ ಚಾಂಪಿಯನ್ ಆದ.

ಇತ್ತ ಮನೆಮಗ ಏನು ಮಾಡಿದ? 2012ರಲ್ಲಿ ಅವನೇ ಮನೆ ಬಿಟ್ಟ! 2010ರಲ್ಲಿ ಫಾರ್ಮುಲಾ ಒನ್‌ಗೆ ವಾಪಸ್ ಬಂದಮೇಲೆ ಆವರೆಗೆ ಒಂದೇ ಒಂದು ರೇಸ್ ಗೆದ್ದಿದ್ದ ಮರ್ಸಿಡಿಸ್‌ಗೆ ಹೋದ. ಹುಚ್ಚು ಅಂದರು. 2014ಕ್ಕೆ ಎಂಜಿನ್ ನಿಯಮ ಬದಲಾಗುತ್ತದೆ, ಅದಕ್ಕೆ ಮರ್ಸಿಡಿಸ್ ಮೊದಲಿನಿಂದ ತಯಾರಾಗುತ್ತಿದೆ ಅಂತ ಆ ತಂಡದ ರಾಸ್ ಬ್ರಾನ್ ಮತ್ತು ನಿಕಿ ಲೌಡಾ ಅವನಿಗೆ ಮನದಟ್ಟು ಮಾಡಿಸಿದ್ದರು. ಅಲ್ಲಿ ಆರು ಪ್ರಶಸ್ತಿ ಗೆದ್ದ. ಅಲೋನ್ಸೊ ಹಿಂದಿನ ವರ್ಷದ ವೇಗ ನೋಡಿ ತಂಡ ಆರಿಸಿದ್ದ. ಹ್ಯಾಮಿಲ್ಟನ್ ಇನ್ನೂ ಬರದ ಕಾರನ್ನು ನಂಬಿ ಆರಿಸಿದ. ಅದೃಷ್ಟವೂ ಸೇರಿತು, ಇಲ್ಲ ಅನ್ನಲಾರೆ.

ಇಲ್ಲಿಗೆ ಕಥೆ ಮುಗಿಸಿದ್ದರೆ ಮನೆಮಗ ಇರುವ ಕಡೆ ಹೋಗಲೇಬಾರದು ಅಂತಾಗುತ್ತಿತ್ತು. ನಾನೂ ಹುಡುಗನಿಗೆ ಅಷ್ಟಕ್ಕೇ ನಿಲ್ಲಿಸುತ್ತಿದ್ದೆ. ಆದರೆ 2023ರಲ್ಲಿ ಅಲೋನ್ಸೊ ಆಸ್ಟನ್ ಮಾರ್ಟಿನ್ ಸೇರಿದ. ಅಲ್ಲಿ ಜೊತೆಗಾರ ಲ್ಯಾನ್ಸ್ ಸ್ಟ್ರೋಲ್. ಯಜಮಾನ ಲಾರೆನ್ಸ್ ಸ್ಟ್ರೋಲ್‌ನ ಸ್ವಂತ ಮಗ! ಇದಕ್ಕಿಂತ ಮನೆಮಗ ಇನ್ನೆಲ್ಲಿ ಸಿಗಬೇಕು? ಜಗಳ ಆಯಿತಾ? ಅದರ ಬದಲು ಅಜರ್‌ಬೈಜಾನಿನ ಬಾಕುವಿನಲ್ಲಿ ಓಡಿಸುತ್ತಲೇ, ಬ್ರೇಕ್ ಹೀಗೆ ಹೊಂದಿಸಿಕೊಳ್ಳಲು ಲ್ಯಾನ್ಸ್‌ಗೆ ಹೇಳಿ ಅಂತ ರೇಡಿಯೊದಲ್ಲಿ ಸಲಹೆ ಕೊಟ್ಟ. ಎಂಟು ಸಲ ಪೋಡಿಯಂ ಹತ್ತಿದ.

ವಯಸ್ಸಾಯಿತು, ಮಾಗಿದ ಅಂತಾರೆ. ಇರಬಹುದು. ನಾನು ಅಂಕ ನೋಡುತ್ತೇನೆ. ಆ ವರ್ಷ ಅಲೋನ್ಸೊ 206, ಸ್ಟ್ರೋಲ್ 74. ಬಾವಿ ಯಾರದ್ದು ಅನ್ನುವ ಪ್ರಶ್ನೆ ಹುಟ್ಟಲೇ ಇಲ್ಲ.

ಇಷ್ಟು ಕೇಳಿದ ಹುಡುಗ ಅಲ್ಲೇ ಕೂತು ಬೆಂಗಳೂರಿಗೆ ಫೋನ್ ಮಾಡಿದ. ಸ್ಪೀಕರ್ ಹಾಕು ಅಂದೆ.

“ಸರ್, ಮಳೆ ಬಂದು ಒಳ್ಳೇ ಟೈರು ಒಂದೇ ಸೆಟ್ ಉಳಿದಿದ್ರೆ ಯಾರ ಕಾರಿಗೆ ಹಾಕ್ತೀರಿ?”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಗು. “ಅಂಥದ್ದೆಲ್ಲ ನಮ್ಮಲ್ಲಿ ಬರಲ್ಲಪ್ಪ. ನಮಗೆ ಇಬ್ರೂ ಒಂದೇ.”

ಫೋನ್ ಇಟ್ಟು ಹುಡುಗ ನನ್ನ ಮುಖ ನೋಡಿದ. ನಾನು ಬೇರಿಂಗ್ ಡಬ್ಬಿ ಜೋಡಿಸುತ್ತಾ ಇದ್ದೆ.

“ಮಾವ, ಮುಂದಿನ ಭಾನುವಾರ ಆ ಇನ್ನೊಬ್ಬ ಹುಡುಗನ ಪ್ರಾಕ್ಟೀಸ್ ಇದೆಯಂತೆ. ಹೋಗಿ ನೋಡ್ಕೊಂಡ್ ಬರ್ತೀನಿ. ನಿನ್ನ ಸ್ಟಾಪ್‌ವಾಚ್ ಕೊಡು.”

ಡ್ರಾಯರ್‌ನಲ್ಲಿ ಹುಡುಕಿ ತೆಗೆದೆ. ಬ್ಯಾಟರಿ ಸತ್ತಿತ್ತು. ಹೊಸದು ಹಾಕಿ ಕೊಟ್ಟೆ.